ಓಡುವ ಗಾಡಿ, ನಿಂತ ಗಾಡಿ

ಕಳೆದ ಜನವರಿಯ ಒಂದು ಶನಿವಾರ, ನಮ್ಮ ಶಾಲೆಯ ಎಂಟು ಮತ್ತು ಒಂಬತ್ತನೆಯ ತರಗತಿಗಳ ಮೂವತ್ತೆಂಟು ಮಂದಿ ಬಾಲಕ ಬಾಲಕಿಯರನ್ನು ಕರೆದುಕೊಂಡು ನಾವು ಹಳೆಯ ವಾಹನಗಳನ್ನು ನೋಡಲು ಹೊರಟೆವು. ಪ್ರವಾಸವೆಂದರೆ ಗೋಲಕೊಂಡೆ, ಇಲ್ಲವೇ ಮೃಗಾಲಯ ಎಂದು ನಿಶ್ಚಯಿಸಿಕೊಂಡಿದ್ದ ಮಕ್ಕಳಿಗೆ ಈ ಸುದ್ದಿ ಅಷ್ಟಾಗಿ ರುಚಿಸಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇವೆ. “ಬಸ್ಸು ನೋಡ್ಲಿಕ್ಕೆ ಬಸ್ಸಿನಾಗ ಹೋಗೋದೇನ್ರಿ ಸರ್?” ಎಂದು ಒಬ್ಬ ಹುಡುಗ ಕೇಳಿದನು. ಆ ಪ್ರಶ್ನೆಯಲ್ಲಿ ಹಾಸ್ಯವಿದ್ದಷ್ಟೇ ನ್ಯಾಯವೂ ಇತ್ತು. ಆಗ ನಾವು ಕೊಟ್ಟ ಉತ್ತರ ಸಮರ್ಪಕವಾಗಿರಲಿಲ್ಲ. ಈ ಲೇಖನವನ್ನು ಆ ಉತ್ತರದ ಮುಂದುವರಿದ ಭಾಗವೆಂದು ಅವನು ಭಾವಿಸಿಕೊಂಡರೆ ನಮ್ಮ ಆಕ್ಷೇಪಣೆಯಿಲ್ಲ.

ಪ್ರವಾಸಕ್ಕೆ ಕಾರಣವಾದದ್ದು ಒಂದು ಪದ. ತರಗತಿಯಲ್ಲಿ ಹಿಂದಿನ ಕಾಲದ ಮುಂಬಯಿಯನ್ನು ಕುರಿತ ಒಂದು ಪ್ರಬಂಧವನ್ನು ಓದುತ್ತಿದ್ದಾಗ ‘ಟ್ರಾಮು’ ಎಂಬ ಶಬ್ದ ಬಂದಿತು. ಅರ್ಥವೇನೆಂದು ಕೇಳಿದೆವು. ಒಬ್ಬನು ಅದು ಬಾಜಾ ಬಜಂತ್ರಿಯ ವಾದ್ಯವೆಂದನು. ಒಬ್ಬ ಹುಡುಗಿ ಮಾತ್ರ, ಅದು ಮೆಟ್ರೋ ರೈಲಿನ ಹಳೆಯ ಹೆಸರಿರಬೇಕು ಎಂದಳು. ಆಕೆಯ ಊಹೆ ಗುರಿಯಿಂದ ಬಹು ದೂರವೇನೂ ಇರಲಿಲ್ಲ. ಟ್ರಾಮೆಂದರೆ ರಸ್ತೆಯ ಮೈಯಲ್ಲಿಯೇ ಹುದುಗಿಸಿದ ಹಳಿಗಳ ಮೇಲೆ, ಎತ್ತಿನ ಬಂಡಿ, ಸೈಕಲ್ಲು, ಕಾಲ್ನಡೆಯವರು ಇವರೆಲ್ಲರ ನಡುವೆ ಸಾಗುವ ಗಾಡಿ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಉರುಳುವಾಗ ಘರ್ಷಣೆ ಬಹಳ ಕಡಿಮೆ. ಆದಕಾರಣ ಕಲ್ಲುಹಾದಿಯಲ್ಲಿ ಎಳೆಯುವುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಭಾರವನ್ನು ಅದೇ ಕುದುರೆ ಹಳಿಯ ಮೇಲೆ ಎಳೆಯಬಲ್ಲುದು. ಮೊದಲು ಕುದುರೆಗಳೇ ಟ್ರಾಮನ್ನು ಎಳೆದವು. ಅನಂತರ ಮೇಲೆ ತಂತಿ ಕಟ್ಟಿ, ಗಾಡಿಯ ನೆತ್ತಿಯಿಂದ ಒಂದು ಕೋಲನ್ನು ಚಾಚಿ ಆ ತಂತಿಗೆ ತಾಗಿಸಿ, ವಿದ್ಯುತ್ತನ್ನು ಕೆಳಗಿಳಿಸಿದರು. ಆ ವಿದ್ಯುತ್ತು ಮೋಟಾರನ್ನು ತಿರುಗಿಸಿ, ಗಾಲಿಯ ಮೂಲಕ ಹಳಿಗೆ ಇಳಿದು, ಹಳಿಯಿಂದಲೇ ಹಿಂದಿರುಗುತ್ತದೆ. ಹೊಗೆಯಿಲ್ಲ, ಎಣ್ಣೆಯಿಲ್ಲ. ಇಂದು ‘ಮಾಲಿನ್ಯರಹಿತ ಸಾರಿಗೆ’ ಎಂದು ದೊಡ್ಡ ಅಕ್ಷರಗಳಲ್ಲಿ ಸಾರುತ್ತಿರುವ ವಿಷಯವನ್ನು ನಮ್ಮ ಹಿರಿಯರ ಹಿರಿಯರು ಕಾಸು ಕೊಟ್ಟು ಹತ್ತಿ ಕುಳಿತಿದ್ದರು.

ಮದರಾಸಿನಲ್ಲಿ 1895ರ ಮೇ ತಿಂಗಳಲ್ಲಿಯೇ ವಿದ್ಯುತ್ ಟ್ರಾಮು ಓಡಿತು. ಭಾರತದಲ್ಲಿ ಅದೇ ಮೊದಲನೆಯದು. 1953ರ ಏಪ್ರಿಲಿನಲ್ಲಿ ಅದು ನಿಂತಿತು. ಮುಂಬಯಿಯಲ್ಲಿ ಕುದುರೆಯ ಟ್ರಾಮು 1874ರಲ್ಲಿ, ವಿದ್ಯುತ್ತಿನದು 1907ರಲ್ಲಿ ಆರಂಭವಾದವು. ಬೋರಿಬಂದರಿನಿಂದ ದಾದರಿಗೆ ಕಡೆಯ ಗಾಡಿ ಹೋದದ್ದು 1964ರ ಮಾರ್ಚ್ 31ರಂದು. ದೆಹಲಿಯಲ್ಲಿ, ಕಾನಪುರದಲ್ಲಿ ಸಹ ಟ್ರಾಮುಗಳಿದ್ದವು. ನಮ್ಮ ಹೈದರಾಬಾದಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಟ್ರಾಮು ಓಡಲಿಲ್ಲ. ಹೀಗಿರಲಾಗಿ ಟ್ರಾಮನ್ನು ಕಂಡಿಲ್ಲವೆಂಬುದು ನಮ್ಮ ಮಕ್ಕಳ ತಪ್ಪಲ್ಲ.

ನಮಗೆ ಮಾತ್ರ ಒಮ್ಮೆ ಆ ಭಾಗ್ಯ ದೊರೆತಿತ್ತು. 2018ನೆಯ ಇಸವಿಯಲ್ಲಿ ಕಾರ್ಯಾರ್ಥವಾಗಿ ಕೋಲ್ಕತ್ತಕ್ಕೆ ಹೋದಾಗ ಶ್ಯಾಮಬಜಾರದಿಂದ ಎಸ್ಪ್ಲನೇಡಿನವರೆಗೆ ಟ್ರಾಮಿನಲ್ಲಿ ಕುಳಿತು ಹೋದೆವು. ಕಾಲೇಜು ಬೀದಿಯ ಪುಸ್ತಕದಂಗಡಿಗಳು ಕಿಟಕಿಯ ಪಕ್ಕದಲ್ಲಿ ನಿಧಾನವಾಗಿ ಹಿಂದೆ ಸರಿಯುತ್ತಿದ್ದವು. ಪುಸ್ತಕದ ಬೆನ್ನಿನ ಮೇಲಿನ ಹೆಸರನ್ನು ಓದುವಷ್ಟು ನಿಧಾನವೆಂದರೆ ಅತಿಶಯೋಕ್ತಿಯಾದೀತು, ಆದರೆ ಬಹಳ ಅಲ್ಲ. ಅಲ್ಲಿ 1873ರ ಫೆಬ್ರವರಿ 24ರಂದು ಸಿಯಾಲದಹದಿಂದ ಆರ್ಮೇನಿಯನ್ ಘಾಟಿನವರೆಗೆ ಮೊದಲ ಕುದುರೆ ಟ್ರಾಮು ಓಡಿತ್ತು. ಜನ ಸಾಲದೆ ಆ ವರ್ಷವೇ ಅದು ನಿಂತು, ಏಳು ವರ್ಷಗಳ ತರುವಾಯ ಹೊಸ ಕಂಪನಿಯೊಂದು ಹುಟ್ಟಿ ಮತ್ತೆ ಜೀವ ತಳೆದು, 1902ರಲ್ಲಿ ವಿದ್ಯುತ್ತನ್ನು ಪಡೆಯಿತು. ಬಂಗಾಳದ ಹೆಸರಾಂತ ಕವಿ ಜೀವನಾನಂದ ದಾಸರು 1954ರ ಅಕ್ಟೋಬರಿನಲ್ಲಿ ಟ್ರಾಮಿಗೆ ಸಿಕ್ಕಿ ಗಾಯಗೊಂಡು ತೀರಿಕೊಂಡರೆಂಬ ಸಂಗತಿಯನ್ನು ಅಲ್ಲಿಯ ಜನ ಇಂದಿಗೂ ನೆನೆಯುತ್ತಾರೆ. ಆ ಊರಿನ ಸುಖದಲ್ಲಿಯೂ ದುಃಖದಲ್ಲಿಯೂ ಆ ಗಾಡಿ ಸೇರಿಹೋಗಿತ್ತು.

ಎಸ್ಪ್ಲನೇಡಿನ ಡಿಪೊದಲ್ಲಿ ‘ಸ್ಮರಣಿಕಾ’ ಎಂಬ ಟ್ರಾಮು ವಸ್ತುಸಂಗ್ರಹಾಲಯವುಂಟು. 2014ರಲ್ಲಿ ತೆರೆದದ್ದು. ಕಟ್ಟಡವೆಂದು ಹುಡುಕಬೇಕಾಗಿಲ್ಲ, 1938ರಲ್ಲಿ ನಿರ್ಮಿಸಿದ ಒಂದು ಟ್ರಾಮೇ ಸಂಗ್ರಹಾಲಯ. ಒಂದು ಡಬ್ಬಿಯಲ್ಲಿ ಚಹಾದಂಗಡಿ, ಮತ್ತೊಂದರಲ್ಲಿ ವಸ್ತುಗಳು. ರಾಜರ ಕಿರೀಟ ಖಡ್ಗಗಳನ್ನು ನೋಡಿ ನೋಡಿ ಬೇಸತ್ತ ನಮ್ಮ ಕಣ್ಣಿಗೆ ಅಲ್ಲಿ ಕಂಡದ್ದು ಹಳೆಯ ಟಿಕೆಟುಗಳು, ನೌಕರರ ಟೋಪಿಗಳು, ಎದೆಯ ಬಿಲ್ಲೆಗಳು, ಟಿಕೆಟಿಗೆ ತೂತು ಹಾಕುವ ಪಂಚುಗಳು, ಗಾಡಿಗಳ ಪುಟ್ಟ ಮಾದರಿಗಳು. ಒಂದು ಪಂಚಿನ ಎದುರಿಗೆ ನಾವು ಬಹಳ ಹೊತ್ತು ನಿಂತೆವು. ಕಾರಣವನ್ನು ಮುಂದೆ ಹೇಳುತ್ತೇವೆ.

ಈಗ ನಮ್ಮ ಊರಿಗೆ ಬರೋಣ. ಟ್ರಾಮಿಲ್ಲದ ಹೈದರಾಬಾದಿನಲ್ಲಿ ಆ ಸ್ಥಾನವನ್ನು ತುಂಬಿದ್ದು ಬಸ್ಸು. ಅದಕ್ಕಿಂತ ಮೊದಲು ರೈಲು ಬಂದಿತ್ತು. 1874ರಲ್ಲಿ ನಿಜಾಮರ ಮೊದಲ ರೈಲುದಾರಿ ತೆರೆದದ್ದು ವಾಡಿಯಿಂದ ಹೈದರಾಬಾದಿಗೆ. ವಾಡಿ ಎಲ್ಲಿದೆಯೆಂದು ನಮ್ಮ ಶಾಲೆಯ ಅರ್ಧಕ್ಕರ್ಧ ಮಕ್ಕಳಿಗೆ ಹೇಳಬೇಕಾದ್ದಿಲ್ಲ, ದೀಪಾವಳಿಗೆ ಊರಿಗೆ ಹೋಗುವಾಗ ಅವರು ಗಾಡಿ ಬದಲಾಯಿಸುವುದು ಅಲ್ಲಿಯೇ. ಹೈದರಾಬಾದು ಹೊರಜಗತ್ತಿನೊಂದಿಗೆ ಹಳಿಯ ಮೂಲಕ ಕೈ ಕುಲುಕಿದ್ದು ಒಂದು ಕನ್ನಡದ ಊರಿನಲ್ಲಿ ಎಂಬುದನ್ನು ನಾವು ಅಭಿಮಾನದಿಂದ ಹೇಳಿಕೊಂಡರೆ ಯಾರೂ ಕೋಪಿಸಿಕೊಳ್ಳಲಾರರು. ಆ ರೈಲಿನ ಇಲಾಖೆಯೇ 1932ರ ಜೂನಿನಲ್ಲಿ 27 ಬಸ್ಸುಗಳನ್ನೂ 166 ಮಂದಿ ನೌಕರರನ್ನೂ ಇಟ್ಟುಕೊಂಡು ರಸ್ತೆ ಸಾರಿಗೆಯನ್ನು ಆರಂಭಿಸಿತು. ಸರಕಾರವೇ ನಿಂತು ಜನರಿಗಾಗಿ ಬಸ್ಸು ಓಡಿಸಿದ ದೇಶದ ಮೊದಮೊದಲ ಪ್ರಯತ್ನಗಳಲ್ಲಿ ಅದೊಂದು.

ನಮ್ಮ ಪ್ರವಾಸದ ಮೊದಲ ನಿಲ್ದಾಣ ಚೌಮಹಲ್ಲಾ ಅರಮನೆ. ಅಲ್ಲಿ ನಿಜಾಮರ ಮೋಟಾರುಗಳೂ ಕುದುರೆ ಸಾರೋಟುಗಳೂ ಇವೆ. ಎಲ್ಲರ ಕಣ್ಣನ್ನೂ ಸೆಳೆಯುವುದು 1912ರ ಹಳದಿ ಬಣ್ಣದ ರೋಲ್ಸ್ ರಾಯ್ಸ್. ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರು ಅದನ್ನು ಮಾಡಿಸಲು ಹೇಳಿದ್ದರು. ಅದು ಕೈಸೇರುವ ಮೊದಲೇ, 1911ರಲ್ಲಿ, ಅವರು ಕಾಲವಾದರು. ಹಿಂಭಾಗದಲ್ಲಿ ಸಿಂಹಾಸನದಂತಹ ಒಂದು ಎತ್ತರದ ಆಸನ. ಮಗನಾದ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಕೇವಲ ವಿಶೇಷ ಸಮಾರಂಭಗಳಲ್ಲಿ ಹೊರಬರುತ್ತಿದ್ದ ಆ ವಾಹನ ತನ್ನ ಆಯುಷ್ಯದಲ್ಲಿ ಓಡಿದ್ದು ಕೆಲವೇ ನೂರು ಮೈಲಿಯೆಂದು ಹೇಳುತ್ತಾರೆ. ಮಕ್ಕಳು ಕಣ್ಣರಳಿಸಿ ನೋಡಿದರು. ನಾವೂ ನೋಡಿದೆವು. ಸುಂದರವಾದುದನ್ನು ಸುಂದರವೆನ್ನಲು ಹಿಂಜರಿಯಬಾರದು. ಅದರ ಪ್ರತಿಯೊಂದು ಲೋಹದ ತುಣುಕಿನಲ್ಲಿಯೂ ಕುಶಲ ಕರ್ಮಿಗಳ ಕೈ ಕಾಣುತ್ತದೆ.

ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡು, ಬಸ್ ಭವನಕ್ಕೆ ಬಂದೆವು. ಆರ್‌ಟಿಸಿ ಚೌರಸ್ತೆಯ ಬಳಿಯ ಈ ಭವನ ಸಾರಿಗೆ ಸಂಸ್ಥೆಯ ಮುಖ್ಯ ಕಚೇರಿ. ಅದರ ಆವರಣದಲ್ಲಿ ‘ದಕ್ಕನ್ ಕ್ವೀನ್’ ಎಂಬ ಹೆಸರಿನ 1932ರ ಆಲ್ಬಿಯನ್ ಬಸ್ಸನ್ನು ಕಾಪಾಡಿ ಇಟ್ಟಿದ್ದಾರೆ. ಆಲ್ಬಿಯನ್ ಎಂಬುದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕಾರ್ಖಾನೆ. ಉದಯಿಸುವ ಸೂರ್ಯನ ಚಿತ್ರ ಅದರ ಮುದ್ರೆ. ಇಂದಿನ ಬಸ್ಸಿನ ಪಕ್ಕದಲ್ಲಿ ನಿಲ್ಲಿಸಿದರೆ ಮರಿಯಂತೆ ತೋರುವ ಗಾಡಿ. ಮಕ್ಕಳು ಸುತ್ತಲೂ ಒಮ್ಮೆ ತಿರುಗಿದರು. ಕಾಲು ಗಂಟೆಯಲ್ಲಿ ಅವರ ಕುತೂಹಲ ತೀರಿತು. ಚೌಮಹಲ್ಲಾದಲ್ಲಿ ಒಂದೂವರೆ ಗಂಟೆ ಕಳೆದವರು ಇಲ್ಲಿ ಕಾಲು ಗಂಟೆಗೇ ನೀರಿನ ನಲ್ಲಿಯನ್ನು ಹುಡುಕಿಕೊಂಡು ಹೋದರು.

ಇದರಲ್ಲಿ ಮಕ್ಕಳ ದೋಷವೇನೂ ಇಲ್ಲ. ಅಲ್ಲಿ ನೋಡಲು ಅರಮನೆಯಿತ್ತು, ಫಲಕಗಳಿದ್ದವು, ಕಥೆಯಿತ್ತು. ಇಲ್ಲಿ ಒಂದು ಬಸ್ಸು ಒಂಟಿಯಾಗಿ ನಿಂತಿತ್ತು. ಆದರೆ ನಮ್ಮ ಮನಸ್ಸಿಗೆ ಅಂದು ಹೊಕ್ಕ ವಿಚಾರ ಇನ್ನೂ ಬಿಟ್ಟುಹೋಗಿಲ್ಲ. ಕೆಲವು ನೂರು ಮೈಲಿ ಓಡಿದ, ಒಬ್ಬರನ್ನೇ ಹೊತ್ತ ವಾಹನದ ಚರಿತ್ರೆ ನಮಗೆ ವಿವರವಾಗಿ ಗೊತ್ತಿದೆ. ಲಕ್ಷಾಂತರ ಮಂದಿಯನ್ನು ಸಂತೆಗೆ, ಕಚೇರಿಗೆ, ಆಸ್ಪತ್ರೆಗೆ, ಹೆರಿಗೆಗೆ, ಹೆಣ್ಣು ನೋಡಲಿಕ್ಕೆ ಹೊತ್ತುಕೊಂಡು ಹೋದ ವಾಹನಗಳಲ್ಲಿ ಯಾರು ಕುಳಿತಿದ್ದರು, ಯಾರು ಟಿಕೆಟು ಹರಿದರು, ಎಷ್ಟು ಕಾಸು ತೆಗೆದುಕೊಂಡರು ಎಂದು ಕೇಳಿದರೆ ಉತ್ತರಿಸುವವರು ವಿರಳ. ಮೈಸೂರಿನಲ್ಲಿ 1979ರಿಂದ ಇರುವ ರೈಲು ಸಂಗ್ರಹಾಲಯ ಉತ್ತಮವಾದುದು. ಅಲ್ಲಿಗೆ ಹೋದವರೂ ಮನೆಗೆ ಬಂದು ಮೊದಲು ವರ್ಣಿಸುವುದು ಮಹಾರಾಣಿಯವರ ಡಬ್ಬಿಯನ್ನೇ. ಮೂರನೆಯ ದರ್ಜೆಯ ಮರದ ಹಲಗೆಯನ್ನು ವರ್ಣಿಸಿದವರನ್ನು ನಾವು ಕಾಣೆವು. ಹೈದರಾಬಾದಿನಂತಹ ದೊಡ್ಡ ನಗರಕ್ಕೆ ಜನಸಾಮಾನ್ಯರ ವಾಹನಗಳದ್ದೇ ಆದ ಒಂದು ಪೂರ್ಣ ಸಂಗ್ರಹಾಲಯ ಬೇಕು. ಝಟಕಾ, ಸೈಕಲ್ ರಿಕ್ಷಾ, ಹಳೆಯ ಬಸ್ಸು, ಟ್ಯಾಂಕ್ ಬಂಡಿನ ಮೇಲೆ ತೂಗಾಡುತ್ತ ಹೋಗುತ್ತಿದ್ದ ಎರಡಂತಸ್ತಿನ ಬಸ್ಸು, ಇವೆಲ್ಲವೂ ಒಂದೆಡೆ ಇರಬೇಕು. ಇದು ನಮ್ಮ ದೃಢವಾದ ಅಭಿಪ್ರಾಯ.

ಹೀಗೆ ಹೇಳುವ ಅಧಿಕಾರ ನಮಗಿದೆಯೇ ಎಂಬುದು ಬೇರೆ ಮಾತು. ನಮ್ಮ ತಂದೆಯ ತಂದೆಯವರು, ನಮ್ಮ ಕಡೆಯ ಮಾತಿನಲ್ಲಿ ಮುತ್ಯಾ, ಬಸ್ಸಿನ ಕಂಡಕ್ಟರರಾಗಿದ್ದರು. 1951ರ ನವೆಂಬರಿನಲ್ಲಿ ಬಸ್ಸುಗಳು ರೈಲು ಇಲಾಖೆಯಿಂದ ಹೈದರಾಬಾದು ರಾಜ್ಯ ಸರಕಾರದ ಕೈಗೆ ಬಂದವು. ಅದರ ಮರುವರ್ಷ ಅವರು ಕೆಲಸಕ್ಕೆ ಸೇರಿದರು. ಗುಲ್ಬರ್ಗದಿಂದ ಹೈದರಾಬಾದಿಗೆ ಹೋಗಿ ರಾತ್ರಿ ತಂಗಿ ಮರುದಿನ ಹಿಂದಿರುಗುವ ಪಾಳಿ. ಉರ್ದುವಿನಲ್ಲಿ ಲೆಕ್ಕ ಬರೆಯುತ್ತಿದ್ದರು, ತೆಲುಗಿನಲ್ಲಿ ಜಗಳವಾಡುತ್ತಿದ್ದರು, ಕನ್ನಡದಲ್ಲಿ ವಚನ ಹೇಳುತ್ತಿದ್ದರು. 1956ರ ಅಕ್ಟೋಬರ್ 31ರ ರಾತ್ರಿ ಅವರ ತಂಗುವ ಪಾಳಿ ಇಲ್ಲಿಯೇ ಬಿದ್ದಿತ್ತು. ಮರುದಿನ ನವೆಂಬರ್ 1, ಹೈದರಾಬಾದು ರಾಜ್ಯ ಮೂರು ಪಾಲಾಗಿ ಹಂಚಿಹೋದ ದಿನ. “ಮಲಗಿದಾಗ ನಂದೇ ರಾಜ್ಯ ಇತ್ತು, ಎದ್ದಾಗ ಪರರಾಜ್ಯದಾಗ ಎದ್ದೆ. ಹಾಸಿಗಿ ಮಾತ್ರ ಅದೇ” ಎಂದು ಮುತ್ಯಾ ಸಾಯುವವರೆಗೂ ಹೇಳಿ ನಗುತ್ತಿದ್ದರು. ಇಲ್ಲಿಯ ಬಸ್ಸುಗಳು 1958ರಲ್ಲಿ ಆಂಧ್ರಪ್ರದೇಶದ ಸಾರಿಗೆ ಸಂಸ್ಥೆಯ ಪಾಲಾದವು. ಅಲ್ಲಿಯವು 1961ರಲ್ಲಿ ಸ್ಥಾಪಿತವಾದ ಮೈಸೂರು ರಾಜ್ಯದ ಸಂಸ್ಥೆಗೆ ಸೇರಿದವು. ಒಂದೇ ಕೊಟ್ಟಿಗೆಯ ಎತ್ತುಗಳು ಎರಡು ಮನೆಯ ನೊಗ ಹೊತ್ತವು. ಇಂದು ಇಮ್ಲಿಬನ್ ನಿಲ್ದಾಣದಲ್ಲಿ ತೆಲಂಗಾಣದ ಬಸ್ಸೂ ಕಲ್ಯಾಣ ಕರ್ನಾಟಕದ ಬಸ್ಸೂ ಅಕ್ಕಪಕ್ಕದಲ್ಲಿ ನಿಂತಿರುವುದನ್ನು ಕಂಡಾಗಲೆಲ್ಲ ನಮಗೆ ದಾಯಾದಿಗಳು ಮದುವೆಯ ಮನೆಯಲ್ಲಿ ಭೇಟಿಯಾದಂತೆ ತೋರುತ್ತದೆ.

ಮುತ್ಯಾ ಅವರದು ಒಂದು ಕಬ್ಬಿಣದ ಟ್ರಂಕು ಇತ್ತು. ಅದರಲ್ಲಿ ತೊಗಲಿನ ಚೀಲ, ಟಿಕೆಟ್ ಕಟ್ಟುಗಳನ್ನು ಸಾಲಾಗಿ ಜೋಡಿಸುವ ಮರದ ತಟ್ಟೆ, ಸೀಟಿ, ಮತ್ತು ಒಂದು ಪಂಚು. ಚಿಕ್ಕವರಿದ್ದಾಗ ನಾವು ಆ ಪಂಚಿನಿಂದ ಬೇವಿನ ಎಲೆಗಳಿಗೆಲ್ಲ ತೂತು ಹಾಕಿ, ಓಣಿಯ ಹುಡುಗರಿಗೆ ಟಿಕೆಟು ಕೊಟ್ಟವರು. 2011ರಲ್ಲಿ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿದಾಗ ಹಳೆಯ ಸಾಮಾನನ್ನು ಗುಜರಿಯವನಿಗೆ ಹಾಕುವ ಕೆಲಸ ನಮ್ಮ ಪಾಲಿಗೆ ಬಂದಿತು. ಟ್ರಂಕನ್ನು ಬಿಚ್ಚಿ ಸಹ ನೋಡದೆ ತೂಕಕ್ಕೆ ಹಾಕಿಸಿದೆವು. ನಮ್ಮ ವಯಸ್ಸು ಆಗ ಇಪ್ಪತ್ತೆರಡು, ಶಿಕ್ಷಕರ ತರಬೇತಿ ಮುಗಿಸಿದ ಹುಮ್ಮಸ್ಸು, ಹೊಸ ಮನೆಗೆ ಹಳೆಯ ತುಕ್ಕು ಏಕೆಂಬ ಜಂಬ. ಸಂಜೆ ಅಪ್ಪ ಕೇಳಿದರು, “ಅಪ್ಪಾ ಅವರ ಟ್ರಂಕ್ ಎಲ್ಲೈತಿ?” ನಾವು ಹೇಳಿದೆವು. ಅವರು ಬೈಯಲಿಲ್ಲ. ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು ಒಳಗೆ ಹೋದರು. ಕೋಲ್ಕತ್ತದ ಟ್ರಾಮಿನಲ್ಲಿ ಗಾಜಿನ ಹಿಂದೆ ಇಟ್ಟಿದ್ದ ಆ ಪಂಚನ್ನು ನೋಡಿ ನಾವು ಏಕೆ ನಿಂತೆವೆಂದು ಈಗ ಓದುಗರಿಗೆ ತಿಳಿದಿರಬಹುದು. ಅಂತಹುದೇ ವಸ್ತುವನ್ನು ನಾವು ಕಿಲೋ ಲೆಕ್ಕದಲ್ಲಿ ಮಾರಿದ್ದೆವು.

ಆದಕಾರಣ ಹಳೆಯದನ್ನು ಉಳಿಸಬೇಕೆಂದು ನಾವು ಬೋಧಿಸುವುದು ಕದ್ದವನು ಬೀಗದ ಮಹತ್ತ್ವವನ್ನು ಹೇಳಿದಂತೆ. ಹೇಳುವುದು ಮಾತ್ರ ಸುಳ್ಳಲ್ಲ.

ನಮ್ಮ ಸಹೋದ್ಯೋಗಿಗಳೊಬ್ಬರು, ಗಣಿತದವರು, ಈ ಎಲ್ಲ ವಿಚಾರಕ್ಕೆ ಒಂದು ಆಕ್ಷೇಪ ಎತ್ತಿದ್ದಾರೆ. ನಿಂತ ಗಾಡಿಗೆ ಪೂಜೆ ಮಾಡುವುದರಿಂದ ಯಾರು ಊರು ಸೇರಿದರು? ಮಕ್ಕಳಿಗೆ ಮುಂದಿನ ದಾರಿ ತೋರಿಸಬೇಕು, ಹಿಂದಿನ ಗಾಲಿಯ ಗುರುತನ್ನಲ್ಲ, ಎಂದು ಅವರ ವಾದ. ಅರ್ಧ ಮಾತನ್ನು ನಾವು ಒಪ್ಪುತ್ತೇವೆ. ನಿಂತ ಗಾಡಿಗಿಂತ ಓಡುವ ಗಾಡಿ ಮೇಲು. ಇಂಗ್ಲೆಂಡಿನ ಕ್ರಿಚ್ ಎಂಬ ಹಳ್ಳಿಯಲ್ಲಿ 1959ರಿಂದ ಬೆಳೆದು ಬಂದ ಟ್ರಾಮು ಸಂಗ್ರಹಾಲಯದಲ್ಲಿ ಹಳೆಯ ಗಾಡಿಗಳನ್ನು ಹಳಿಯ ಮೇಲೆ ಓಡಿಸುತ್ತಾರೆ. ಬಂದವರ ಕೈಗೆ ಒಂದು ಹಳೆಯ ಪೆನ್ನಿ ನಾಣ್ಯ ಕೊಡುತ್ತಾರೆ. ಅದನ್ನು ಕಂಡಕ್ಟರರಿಗೆ ಕೊಟ್ಟು ಟಿಕೆಟು ಪಡೆದು ಕುಳಿತುಕೊಳ್ಳಬೇಕು. ಅಮೆರಿಕದ ಮೇಯ್ನ್ ರಾಜ್ಯದಲ್ಲಿ 1939ರಲ್ಲಿ ಕೆಲವರು ತಮ್ಮ ಊರಿನ ಟ್ರಾಮು ನಿಲ್ಲುವುದನ್ನು ತಡೆಯಲಾರದೆ, 150 ಡಾಲರು ಕೂಡಿಸಿ ಒಂದು ಗಾಡಿಯನ್ನು ಕೊಂಡುಕೊಂಡರು. ಆ ಒಂದು ಗಾಡಿಯಿಂದ ಬೆಳೆದದ್ದು ಇಂದು ಜಗತ್ತಿನ ದೊಡ್ಡ ಟ್ರಾಮು ಸಂಗ್ರಹಾಲಯಗಳಲ್ಲಿ ಒಂದಾಗಿದೆ. ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಳೆಯ ಟ್ರಾಮುಗಳು ಸಂಗ್ರಹಾಲಯಕ್ಕೂ ಹೋಗದೆ ಬೀದಿಯಲ್ಲಿಯೇ ಜನರನ್ನು ಹೊತ್ತಿವೆ. ನಮ್ಮಲ್ಲಿ ನಡೆದದ್ದು ಬೇರೆ. ಕೋಲ್ಕತ್ತದ ಟ್ರಾಮನ್ನು ಒಂದು ಚಿಕ್ಕ ಸ್ಮಾರಕ ಮಾರ್ಗದ ಹೊರತು ನಿಲ್ಲಿಸುವುದಾಗಿ ಅಲ್ಲಿಯ ಸರಕಾರ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು.

ಅದು ಹೇಗೆ ಆ ಸ್ಥಿತಿಗೆ ಬಂದಿತೆಂಬುದನ್ನು ವಿಚಾರ ಮಾಡಬೇಕು. ನಾವು ಹೋದ ದಿನ ನಿಲ್ದಾಣದಲ್ಲಿ ಬಹಳ ಹೊತ್ತು ಕಾಯಬೇಕಾಯಿತು. ಪಕ್ಕದಲ್ಲಿದ್ದ ವೃದ್ಧರೊಬ್ಬರನ್ನು ಕೇಳಿದಾಗ, ಗಾಡಿ ಕಡಿಮೆ, ಅದಕ್ಕೇ ಜನ ಬರುವುದಿಲ್ಲ ಎಂದರು. ಮೇಲೆ ಕುಳಿತ ಮೇಲೆ ಕಂಡಕ್ಟರರನ್ನು ಕೇಳಿದರೆ, ಜನ ಕಡಿಮೆ, ಅದಕ್ಕೇ ಗಾಡಿ ಬಿಡುವುದಿಲ್ಲ ಎಂದರು. ಇಬ್ಬರ ಮಾತೂ ನಿಜ. ಎರಡೂ ಸೇರಿ ಗಾಣದ ಎತ್ತಿನಂತೆ ಸುತ್ತುತ್ತ ಒಂದು ದಿನ ಗಾಡಿ ನಿಂತುಬಿಡುತ್ತದೆ. ಇಂತಹ ದಿನ, ಇಂತಹ ವ್ಯಕ್ತಿ ನಿಲ್ಲಿಸಿದನೆಂದು ಬೆರಳು ತೋರಿಸಲು ಬರುವುದಿಲ್ಲ.

ಈ ಮಾತು ನಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತಿದೆಯೆಂದು ಮೇಲಿನ ತರಗತಿಯ ವಿದ್ಯಾರ್ಥಿಗಳು ಊಹಿಸಿರುತ್ತಾರೆ. ಕಳೆದ ಜೂನಿನಲ್ಲಿ ಒಬ್ಬ ತಂದೆಯವರು ಮಗಳ ವರ್ಗಾವಣೆ ಪತ್ರವನ್ನು ಕೇಳಲು ಬಂದಿದ್ದರು. ಬೀದರ ಜಿಲ್ಲೆಯವರು, ಸಭ್ಯರು, ನಮ್ಮ ಬಗ್ಗೆ ಗೌರವವುಳ್ಳವರು. “ತಪ್ಪು ತಿಳೀಬ್ಯಾಡ್ರಿ ಮಾಸ್ತರೇ. ಈ ಊರಾಗ ಕನ್ನಡ ಮಾಧ್ಯಮ ಅಂದ್ರ ಈಗ ಮ್ಯೂಸಿಯಮ್ಮಿನಾಗ ಇಡೋ ವಸ್ತು ಆಗ್ಯಾದ” ಎಂದರು. ಆಡಿದ್ದು ಕನ್ನಡದಲ್ಲಿಯೇ, ಅದೂ ಸೊಗಸಾದ ಕನ್ನಡದಲ್ಲಿ. ನಮಗೆ ನೋವಾಯಿತು. ನಾವು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿದವರು. ಆ ಗಾಡಿಯಲ್ಲಿ ಕುಳಿತೇ ಇಲ್ಲಿಯವರೆಗೆ ಬಂದವರು. ಸಿಟ್ಟಿನಿಂದ ಉತ್ತರಿಸಬೇಕೆಂದುಕೊಂಡವರು ಉತ್ತರಿಸಲಿಲ್ಲ. ಅವರಿಗೆ ಒಬ್ಬಳೇ ಮಗಳು, ಅವಳ ಭವಿಷ್ಯದ ಚಿಂತೆ ಅವರದು. ನಮ್ಮ ಭಾಷಾಭಿಮಾನದ ಖರ್ಚನ್ನು ಪರರ ಮಕ್ಕಳ ಲೆಕ್ಕಕ್ಕೆ ಬರೆಯುವ ಹಕ್ಕು ನಮಗಿಲ್ಲ.

ಆದರೆ ಕೋಲ್ಕತ್ತದ ಆ ನಿಲ್ದಾಣದ ಎರಡು ಮಾತುಗಳನ್ನು ನಾವು ಅವರಿಗೆ ಹೇಳಬೇಕಾಗಿತ್ತು. ಮಕ್ಕಳು ಕಡಿಮೆಯೆಂದು ಶಿಕ್ಷಕರನ್ನು ನೇಮಿಸುವುದಿಲ್ಲ, ಶಿಕ್ಷಕರಿಲ್ಲವೆಂದು ಮಕ್ಕಳನ್ನು ಕಳಿಸುವುದಿಲ್ಲ. ಇಂತಹ ಶಾಲೆಗಳಲ್ಲೆಲ್ಲ ಈ ಗಾಣ ತಿರುಗುತ್ತಿದೆ. ಇದನ್ನು ನಿಲ್ಲಿಸುವ ಉಪಾಯ ನಮ್ಮ ಬಳಿ ಪೂರ್ತಿಯಾಗಿ ಇಲ್ಲ. ಒಂದು ಮಾತ್ರ ಖಂಡಿತ. ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷನ್ನೂ ತೆಲುಗನ್ನೂ ಚೆನ್ನಾಗಿ, ಭಯವಿಲ್ಲದಂತೆ ಕಲಿಸಬೇಕು. ಅಷ್ಟನ್ನು ಮಾಡದೆ ತಂದೆತಾಯಿಗಳನ್ನು ದೂಷಿಸುವುದು, ಹಳಿಯನ್ನು ದುರಸ್ತಿ ಮಾಡದೆ ಪ್ರಯಾಣಿಕರನ್ನು ಬೈದಂತೆ. ನಮ್ಮ ಮುತ್ಯಾ ನಾಲ್ಕನೆಯ ಇಯತ್ತೆಯವರೆಗೆ ಓದಿದವರು, ಮೂರು ಭಾಷೆಗಳಲ್ಲಿ ಬಸ್ಸನ್ನು ನಡೆಸಿದರು. ಈ ದಕ್ಕನಿನ ಮಣ್ಣಿನಲ್ಲಿ ಅದೊಂದು ವಿಶೇಷವೇ ಅಲ್ಲ.

ಇನ್ನೊಂದು ಸಂಗತಿ. ಹಳೆಯದು ಸಂಗ್ರಹಾಲಯದಲ್ಲಿ ಮಾತ್ರ ಇರುತ್ತದೆಂದು ಭಾವಿಸಬಾರದು. ನಮ್ಮ ಸಾರಿಗೆ ಸಂಸ್ಥೆಯ ಬಸ್ಸುಗಳ ನೋಂದಣಿ ಸಂಖ್ಯೆಯಲ್ಲಿ ‘ಝೆಡ್’ ಎಂಬ ಇಂಗ್ಲಿಷ್ ಅಕ್ಷರ ಇರುವುದನ್ನು ಎಷ್ಟು ಮಂದಿ ಗಮನಿಸಿದ್ದೀರಿ? ಏಳನೆಯ ನಿಜಾಮರ ತಾಯಿಯವರಾದ ಝಹ್ರಾ ಬೇಗಮರ ನೆನಪಿಗಾಗಿ ಆ ಅಕ್ಷರವನ್ನು ಉಳಿಸಿಕೊಂಡು ಬಂದರೆಂದು ಪ್ರತೀತಿಯುಂಟು. ನಿಜಾಮರು ಹೋದರು, ಹೈದರಾಬಾದು ರಾಜ್ಯ ಹೋಯಿತು, ಆಂಧ್ರಪ್ರದೇಶದಿಂದ 2014ರಲ್ಲಿ ತೆಲಂಗಾಣ ಬೇರೆಯಾಯಿತು. ಆ ಒಂದು ಅಕ್ಷರ ದಿನವೂ ನಮ್ಮ ಕಣ್ಣೆದುರಿಗೆ ಧೂಳೆಬ್ಬಿಸಿಕೊಂಡು ಓಡುತ್ತಿದೆ. ಹಿಂದಿರುಗುವಾಗ ಮಕ್ಕಳಿಗೆ ಇದನ್ನು ಹೇಳಿದೆವು. ಬಸ್ ಭವನದಲ್ಲಿ ಕಾಲು ಗಂಟೆಗೇ ಬೇಸತ್ತವರು ಮುಂದಿನ ಅರ್ಧ ಗಂಟೆ ಕಿಟಕಿಯಿಂದ ಕತ್ತು ಚಾಚಿ ಪ್ರತಿಯೊಂದು ಬಸ್ಸಿನ ಸಂಖ್ಯೆಯನ್ನೂ ಕೂಗಿ ಓದಿದರು. ಕಂಡಕ್ಟರ್ ಅಕ್ಕ ಎರಡು ಬಾರಿ ಗದರಿಸಿ, ಮೂರನೆಯ ಬಾರಿಗೆ ಕಾರಣ ಕೇಳಿ ತಾವೂ ನಕ್ಕರು. ತಾವು ಅದನ್ನು ಅರಿಯೆವೆಂದರು.

ಅದೇ ಬಸ್ಸಿನಲ್ಲಿ ನಮ್ಮ ಹುಡುಗಿಯರಿಗೆ ಆ ಅಕ್ಕ ಶೂನ್ಯ ಟಿಕೆಟು ಕೊಟ್ಟರು. 2023ರ ಡಿಸೆಂಬರಿನಿಂದ ತೆಲಂಗಾಣದಲ್ಲಿ, ಅದಕ್ಕೂ ಆರು ತಿಂಗಳ ಮೊದಲಿನಿಂದ ಕರ್ನಾಟಕದಲ್ಲಿ, ಸರಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಹಣವಿಲ್ಲದೆ ಪ್ರಯಾಣ. ಯಂತ್ರದಿಂದ ಹೊರಬರುವ ಆ ಚೀಟಿಯನ್ನು ಇಳಿಯುತ್ತಲೇ ಎಸೆಯುತ್ತಾರೆ. ನಾವು ಒಂದನ್ನು ಕೇಳಿ ಪಡೆದು ಪುಸ್ತಕದೊಳಗೆ ಇಟ್ಟೆವು. ಅರ್ಧ ಶತಮಾನದ ಬಳಿಕ ಅದು ಚರಿತ್ರೆಯ ದಾಖಲೆಯಾಗುವುದರಲ್ಲಿ ಸಂದೇಹವಿಲ್ಲ. ಆದರೆ ಅದು ಶಾಖದಿಂದ ಮುದ್ರಿತವಾಗುವ ಕಾಗದ. ಕೆಲವು ತಿಂಗಳುಗಳಲ್ಲಿ ಅಕ್ಷರ ಅಳಿಸಿ ಬರೀ ಬಿಳಿಯ ಚೂರು ಉಳಿಯುತ್ತದೆ. ಮುತ್ಯಾ ಅವರ ಕಾಲದ ಪಂಚು ಹಾಕಿದ ಒರಟು ಕಾಗದದ ಟಿಕೆಟು ಎಪ್ಪತ್ತು ವರ್ಷ ಬಾಳಬಲ್ಲುದು, ನಮ್ಮ ಕಾಲದ್ದು ಒಂದು ಮಳೆಗಾಲವನ್ನು ಕಾಣದು. ಆದಕಾರಣ ಅಂತಹ ಚೀಟಿಯನ್ನು ಉಳಿಸುವವರು ಅದರ ಮೇಲಿನ ವಿವರವನ್ನು ಶಾಯಿಯಿಂದ ಬೇರೊಂದು ಕಾಗದದ ಮೇಲೆ ಬರೆದು ಜೊತೆಗಿಡಬೇಕು: ಯಾವ ಊರಿನಿಂದ ಯಾವ ಊರಿಗೆ, ಯಾವ ದಿನ, ಜೊತೆಗೆ ಯಾರಿದ್ದರು.

ನಮ್ಮ ಮುಖ್ಯೋಪಾಧ್ಯಾಯರ ಅನುಮತಿಯಿಂದ, ಗ್ರಂಥಾಲಯದ ಕೋಣೆಯ ಹಳೆಯ ಗಾಜಿನ ಕಪಾಟನ್ನು ಈ ಕಾರ್ಯಕ್ಕಾಗಿ ಬಿಡಿಸಿಕೊಂಡಿದ್ದೇವೆ. ಒಂದು ಕಾಲು ಕುಂಟು, ಇಟ್ಟಿಗೆ ಕೊಟ್ಟಿದೆ. ಪ್ರಯಾಣಕ್ಕೆ ಸಂಬಂಧಿಸಿದ ವಸ್ತುಗಳನ್ನು, ಊರಿನಿಂದ ಈ ನಗರಕ್ಕೆ ನಿಮ್ಮ ಮನೆಯವರು ಬಂದ ಕಥೆಯೊಂದಿಗೆ, ಕನ್ನಡದಲ್ಲಿ ಬರೆದ ಚೀಟಿಯೊಂದಿಗೆ ತಂದು ಕೊಡಬೇಕು. ಬೆಲೆಯುಳ್ಳ ವಸ್ತು ಬೇಡ, ಮನೆಯ ಹಿರಿಯರನ್ನು ಕೇಳದೆ ತಂದದ್ದೂ ಬೇಡ. ಇದುವರೆಗೆ ಬಂದಿರುವುವು ಆರು. ಒಂದು ವಿದ್ಯಾರ್ಥಿ ಪಾಸು, ಲಾತೂರು ಮಾರ್ಗದ ಎರಡು ಹಳೆಯ ಟಿಕೆಟುಗಳು, ರಾಯಚೂರಿನಿಂದ ಬಂದ ತಾಯಿಯೊಬ್ಬರು ಮೊದಲ ಪ್ರಯಾಣದಲ್ಲಿ ಬುತ್ತಿ ಕಟ್ಟಿಕೊಂಡು ಬಂದ ಅರಿವೆ, ನಾವು ಪುಸ್ತಕದಲ್ಲಿಟ್ಟಿದ್ದ ಶೂನ್ಯ ಟಿಕೆಟು. ಆರನೆಯದು ಒಂದು ಸೀಟಿ. ಏಳನೆಯ ತರಗತಿಯ ಹುಡುಗನ ಅಜ್ಜನದು, ಅವರೂ ಬಸ್ಸಿನ ನೌಕರರೇ. ಕಪಾಟಿನ ಕೀಲಿಕೈ ಗ್ರಂಥಾಲಯದ ಮೇಜಿನ ಎಡ ಖಾನೆಯಲ್ಲಿದೆ. ಶನಿವಾರ ಎರಡನೆಯ ಗಂಟೆಯ ತರುವಾಯ ತೆರೆದಿರುತ್ತದೆ. ಸೀಟಿಯನ್ನು ಮಾತ್ರ ಒಳಗಿದ್ದು ಊದಬಾರದು, ಪಕ್ಕದ ಕೋಣೆಯಲ್ಲಿ ಗಣಿತದ ತರಗತಿ ನಡೆಯುತ್ತಿರುತ್ತದೆ.